ಹಾಸ್ಟೆಲಿನ ತಟ್ಟೆಗೆ ತಾಳವಾಡಿಯ ಹಿಟ್ಟು

ತಾಳವಾಡಿಯಲ್ಲಿ ಊಟವೆಂದರೆ ಹಿಟ್ಟು, ಅಂದರೆ ರಾಗಿ ಮುದ್ದೆ. ಜೊತೆಗೆ ಉಪ್ಪುಸಾರು. ಆಡಳಿತದ ಲೆಕ್ಕದಲ್ಲಿ ಈ ಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಮಾತು, ನೆಂಟಸ್ತನ, ಅಡುಗೆ ಮಾತ್ರ ಚಾಮರಾಜನಗರದ ಕಡೆಯವೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. 1956ರ ಭಾಷಾವಾರು ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲೇ ಉಳಿದ ಈ ಪ್ರದೇಶ 2016ರಲ್ಲಿ ಸತ್ಯಮಂಗಲದಿಂದ ಬೇರೆಯಾಗಿ ತಾಲ್ಲೂಕಾಯಿತು.

ಕಾಲೇಜು ಓದಬೇಕೆಂದರೆ ಇಲ್ಲಿನ ಮಕ್ಕಳಿಗೆ ಎರಡು ದಿಕ್ಕು. ಉತ್ತರಕ್ಕೆ ಹೋದರೆ ಚಾಮರಾಜನಗರ, ಮೈಸೂರು. ದಕ್ಷಿಣಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಗೋಬಿಚೆಟ್ಟಿಪಾಳ್ಯ, ಈರೋಡು, ಕೊಯಮತ್ತೂರು. ಕೆಳಗಿಳಿದವರಿಗೆ ಮಾತಿನೊಂದಿಗೆ ತಟ್ಟೆಯೂ ಬದಲಾಗುತ್ತದೆ. ಬೆಳಿಗ್ಗೆ ಇಡ್ಲಿ ಅಥವಾ ಪೊಂಗಲ್, ಆಮೇಲೆ ಅನ್ನ, ಸಾಂಬಾರು, ರಸ. ಆ ಊಟದಲ್ಲಿ ಕೊರತೆಯೇನೂ ಇಲ್ಲ. ಆದರೆ ಹಿಟ್ಟುಂಡು ಬೆಳೆದ ಹೊಟ್ಟೆಗೆ ಅನ್ನ ಬೇಗ ಕರಗಿಹೋಗುತ್ತದೆ. ಅದಕ್ಕೇ ಊರಿಂದ ಹೊರಡುವ ಚೀಲದಲ್ಲಿ ಹುರಿಹಿಟ್ಟಿನ ಡಬ್ಬವೊಂದು ಇರುತ್ತದೆ. ನೀರು, ಬೆಲ್ಲ ಬೆರೆಸಿದರೆ ಸಾಕು, ಒಲೆ ಬೇಡ.

ಹಿಟ್ಟು ತೊಳಸುವುದು ಸಣ್ಣ ಕಸುಬಲ್ಲ. ಎಸರು ಕುದಿ ಬಂದ ಮೇಲೆ ರಾಗಿ ಹಿಟ್ಟು ಸುರಿದು, ನಡುವೆ ಕೋಲು ಊರಿ, ಬೇಯುವವರೆಗೆ ಮುಟ್ಟದೆ ಬಿಡಬೇಕು. ಆಮೇಲೆ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿದು ರಟ್ಟೆ ಸೋಲುವಷ್ಟು ತೊಳಸಬೇಕು. ಅವಸರ ಮಾಡಿದರೆ ಗಂಟು ಉಳಿದು ಹಸಿ ಹಿಟ್ಟು ಬಾಯಿಗೆ ಸಿಗುತ್ತದೆ. ನೀರುಗೈಯಲ್ಲಿ ಉಂಡೆ ಕಟ್ಟಿ ಬಿಸಿಯಾಗಿಯೇ ಇಕ್ಕಬೇಕು. ಹುರುಳಿ, ಅವರೆ ಅಥವಾ ಸೊಪ್ಪು ಬೇಯಿಸಿ ಬಸಿದ ಕಟ್ಟೇ ಉಪ್ಪುಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರವನ್ನು ತಟ್ಟೆಯಲ್ಲೇ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಬಸಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ ಸಿದ್ಧ. ಎಣ್ಣೆ ಹೆಚ್ಚು ಬೇಡದ, ಏನೂ ಪೋಲಾಗದ ಇಂಥ ಅಡುಗೆಯನ್ನು ಕಂಡುಕೊಂಡ ಮಳೆಯಾಶ್ರಿತ ಹೊಲದ ಜನರ ಬಗ್ಗೆ ನನಗೆ ದೊಡ್ಡ ಗೌರವ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬೆಳೆಯುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಹೊರನಾಡಿನ ವಿದ್ಯಾರ್ಥಿಗಳ ಊಟದ ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ಮೈಸೂರಿಗೆ ಓದಲು ಬರುವ ವಿದೇಶೀಯರಲ್ಲಿ ಕೈಯಲ್ಲಿ ಕಾಸಿರುವವರು ಕೋಣೆ ಹಿಡಿದು ತಮ್ಮ ಅಡುಗೆ ತಾವೇ ಮಾಡಿಕೊಳ್ಳಬಹುದು. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ನರು ದೇಶ ಬಿಟ್ಟು ಬಂದರೂ ತುಕ್ಪ, ಮೊಮೊ ಬಿಟ್ಟಿಲ್ಲ. ಉಚಿತ ಹಾಸ್ಟೆಲಿನಲ್ಲಿರುವ ಸೋಲಿಗರ ಹುಡುಗಿಗೆ, ಕೂಲಿಕಾರರ ಮಗನಿಗೆ ಆ ಅವಕಾಶವಿಲ್ಲ, ಇಕ್ಕಿದ್ದನ್ನು ಉಣ್ಣಬೇಕು. ರಾಜ್ಯ ದಾಟದೆಯೇ ಪರಸ್ಥಳದವರಾಗುವ ಈ ಮಕ್ಕಳ ಹಸಿವನ್ನು ಯಾರೂ ವಿಚಾರಿಸುವುದಿಲ್ಲ.

ನೂರಾರು ಜನಕ್ಕೆ ಮುದ್ದೆ ಮಾಡುವುದು ಆಗದ ಮಾತು ಎಂಬ ನೆಪಕ್ಕೆ ತುಮಕೂರಿನ ಸಿದ್ಧಗಂಗೆ ಉತ್ತರ ಕೊಟ್ಟು ಬಹಳ ಕಾಲವಾಯಿತು. ಶಿವಕುಮಾರ ಸ್ವಾಮಿಗಳು ಬೆಳೆಸಿದ ಆ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಮುದ್ದೆ-ಸಾರು ಉಂಡು ಓದುತ್ತಾರೆ. ಮುದ್ದೆ ಮಾಡುವ ಯಂತ್ರಗಳೂ ಈಗ ದೊಡ್ಡ ಅಡುಗೆಮನೆಗಳಿಗೆ ಬಂದಿವೆ.

ತಮಿಳುನಾಡಿಗೂ ರಾಗಿ ಹೊಸದಲ್ಲ. ಧರ್ಮಪುರಿ, ಕೃಷ್ಣಗಿರಿಯವರು ರಾಗಿ ಕಳಿ ಉಂಡು ಬೆಳೆದವರೇ. ಸಿರಿಧಾನ್ಯ ವರ್ಷವಾಗಿದ್ದ 2023ರಲ್ಲಿ ಅಲ್ಲಿನ ಸರ್ಕಾರ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಪಡಿತರದಲ್ಲಿ ಎರಡು ಕೆಜಿ ಅಕ್ಕಿಯ ಬದಲು ರಾಗಿ ಕೊಡಲು ಶುರುಮಾಡಿತು. ಅದೇ ರಾಗಿ ಸತ್ಯಮಂಗಲ, ಈರೋಡಿನ ಸರ್ಕಾರಿ ಹಾಸ್ಟೆಲುಗಳ ಉಗ್ರಾಣಕ್ಕೂ ಬರಲಿ. ಹಿಟ್ಟು ತೊಳಸಬಲ್ಲ ಹೆಂಗಸರು ತಾಳವಾಡಿಯ ಊರೂರಲ್ಲೂ ಇದ್ದಾರೆ. ಅವರಲ್ಲಿ ಕೆಲವರನ್ನು ಅಡುಗೆ ಕೆಲಸಕ್ಕೆ ತೆಗೆದುಕೊಂಡು, ವಾರಕ್ಕೆ ಮೂರು ರಾತ್ರಿಯಾದರೂ ಈ ಮಕ್ಕಳಿಗೆ ಬಿಸಿ ಹಿಟ್ಟು, ಉಪ್ಪುಸಾರು ಇಕ್ಕುವ ಏರ್ಪಾಡನ್ನು ಈರೋಡು ಜಿಲ್ಲಾಡಳಿತ ಮಾಡಬೇಕು.