ಟೋಕಿಯೊಗೆ ಒಂದು ವರ್ಷ ಸಾಲದು

ಒಂದು ವರ್ಷದ ಮಟ್ಟಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಟೋಕಿಯೊಗೆ ಹೋದವರಿಗೆ ಆ ಊರಿನಲ್ಲಿ ಚಿಕ್ಕದೆನ್ನಿಸುವುದು ಒಂದೇ, ಅವರ ಕೋಣೆ. ಜಪಾನಿನಲ್ಲಿ ಕೋಣೆ ಅಳೆಯುವುದು ಟಾಟಾಮಿ ಚಾಪೆಗಳ ಲೆಕ್ಕದಲ್ಲಿ. ಆರು ಚಾಪೆಯ ಕೋಣೆ ಎಂದರೆ ಸುಮಾರು 105 ಚದರ ಅಡಿ. ನಮ್ಮ 30x40 ಸೈಟಿನಲ್ಲಿ ಇಂಥ ಹನ್ನೊಂದು ಹಿಡಿಸುತ್ತವೆ! ಹಾಸಿಗೆ, ಮೇಜು, ಬಟ್ಟೆಬರೆ ಎಲ್ಲವೂ ಅಷ್ಟರೊಳಗೇ. ಆದರೆ ಬಾಗಿಲು ದಾಟಿದಿರೋ, ಆಮೇಲೆ ಎದುರಾಗುವುದೆಲ್ಲ ದೊಡ್ಡದು, ಅದಕ್ಕಿಂತ ದೊಡ್ಡದು.

ಮೊದಲು ಅಕ್ಷರಗಳು. ಕನ್ನಡಕ್ಕೆ 49 ಸಾಕು. ಜಪಾನಿಗೆ ಹಿರಗಾನ ಲಿಪಿಯಲ್ಲಿ 46, ಕಟಕಾನ ಲಿಪಿಯಲ್ಲಿ 46. ಇವು ಬರೀ ಪೀಠಿಕೆ. ದಿನಬಳಕೆಗೆಂದು ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿಗಳು, ಅಂದರೆ ಚೀನೀ ಮೂಲದ ಅಕ್ಷರಗಳು, ಇವೆ. ಜಪಾನಿನ ಮಕ್ಕಳೇ ಆರು ವರ್ಷದ ಪ್ರಾಥಮಿಕ ಶಾಲೆಯಲ್ಲಿ ಕಲಿಯುವುದು 1026. ಹೊರಗಿನಿಂದ ಬಂದವರು ಪೂರ್ತಿ ಪಟ್ಟಿಯನ್ನು ವರ್ಷದೊಳಗೆ ಮುಗಿಸುತ್ತೇನೆಂದು ಹೊರಟರೆ ಭಾನುವಾರವೂ ಬಿಡದೆ ದಿನಕ್ಕೆ ಆರು ಕಲಿಯಬೇಕು. ವಿದ್ವಾಂಸ ಮೊರೊಹಾಶಿಯವರ ಕಾಂಜಿಗಳ ಮಹಾ ನಿಘಂಟಿನಲ್ಲಿ ಸುಮಾರು 50,000 ಇವೆ. ದಿನಕ್ಕೆ ಆರರಂತೆ ಅದನ್ನು ಮುಗಿಸಲು ಹತ್ತಿರ ಹತ್ತಿರ 23 ವರ್ಷ ಬೇಕು!

ಇನ್ನು ಕಾಲೇಜಿಗೆ ಹೋಗುವ ದಾರಿ. ಶಿಂಜುಕು ರೈಲು ನಿಲ್ದಾಣದಲ್ಲಿ 2018ರಲ್ಲಿ ಒಂದು ದಿನಕ್ಕೆ ಓಡಾಡುತ್ತಿದ್ದವರು ಸುಮಾರು 35 ಲಕ್ಷ ಮಂದಿ. ರೈಲುಗಳು ಓಡುವುದು ದಿನಕ್ಕೆ 20 ಗಂಟೆ ಎಂದು ಹಿಡಿದರೂ ಸೆಕೆಂಡಿಗೆ 48 ಜನ. ನೀವು ಒಮ್ಮೆ ಸೀನುವಷ್ಟರಲ್ಲಿ ಒಂದು ಬಸ್ಸಿನಷ್ಟು ಜನ ದಾಟಿಹೋಗಿರುತ್ತಾರೆ. ಆ ನಿಲ್ದಾಣಕ್ಕೆ ಹೊರಬಾಗಿಲುಗಳೇ 200ಕ್ಕೂ ಹೆಚ್ಚು. ತಲೆಯೆತ್ತಿದರೆ ಹಳದಿ ಫಲಕಗಳು: ಪೂರ್ವ ದ್ವಾರ, ಪಶ್ಚಿಮ ದ್ವಾರ, ದಕ್ಷಿಣ ದ್ವಾರ, ಆಗ್ನೇಯ ದ್ವಾರ, ಸಾಲದೆಂಬಂತೆ ಹೊಸ ದಕ್ಷಿಣ ದ್ವಾರ! ದಿನಕ್ಕೊಂದು ಹೊಸ ಬಾಗಿಲಿನಿಂದ ಹೊರಬಂದರೂ ಹದಿನೈದು ವಾರದ ಸೆಮಿಸ್ಟರ್ ಮುಗಿಯುವಾಗ ಅರ್ಧದಷ್ಟು ಬಾಗಿಲು ಉಳಿದೇ ಇರುತ್ತವೆ.

ಅಲ್ಲಿಂದ ಯಮನೋಟೆ ಮಾರ್ಗ ಹಿಡಿಯಿರಿ. ಊರಿನ ನಡುಭಾಗವನ್ನು ಸುತ್ತುವರಿಯುವ 34.5 ಕಿಲೋಮೀಟರ್ ಉಂಗುರ ಅದು, ನಿಲ್ದಾಣಗಳು 30. ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಅದಕ್ಕೆಂದೇ ಇರುವ ರೈಲುಗಳು 50, ಒಂದೊಂದಕ್ಕೂ 11 ಬೋಗಿ. ಐವತ್ತೂ ರೈಲು ಒಂದೊಂದು ಸುತ್ತು ಹೊಡೆದರೆ 1725 ಕಿಲೋಮೀಟರ್. ಇಪ್ಪತ್ತನಾಲ್ಕನೇ ಸುತ್ತು ಮುಗಿಯುವುದರೊಳಗೆ ಅವು ಓಡಿದ ಒಟ್ಟು ದೂರ ಭೂಮಿಯ ಸುತ್ತಳತೆಯನ್ನೂ ಮೀರಿರುತ್ತದೆ, ಅದೂ ಊರು ಬಿಟ್ಟು ಹೋಗದೆ!

ಇಷ್ಟೆಲ್ಲ ಓಡಾಟದಲ್ಲಿ ಸಮಯ ಕದಲುವುದಿಲ್ಲ. 2017ರ ನವೆಂಬರ್‌ನಲ್ಲಿ ಟ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದ ಒಂದು ರೈಲು ಹೊತ್ತಿಗೆ ಮುಂಚೆ ಹೊರಟಿತೆಂದು ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಎಷ್ಟು ಮುಂಚೆ? 20 ಸೆಕೆಂಡು.

ರಜೆಗೆ ಒಸಾಕಾ ಕಡೆ ಹೊರಟರೆ 1964ರಿಂದ ಓಡುತ್ತಿರುವ ಬುಲೆಟ್ ರೈಲು ಇದೆ. 515 ಕಿಲೋಮೀಟರ್, ಎರಡೂವರೆ ಗಂಟೆ. ನೊಜೊಮಿ ಎಂಬ ಬಗೆಯ ಒಂದು ಬುಲೆಟ್ ರೈಲಿನಲ್ಲಿ 1323 ಸೀಟು. ದಟ್ಟಣೆಯ ಹೊತ್ತಿನಲ್ಲಿ ಇಂಥವು ಗಂಟೆಗೆ ಹನ್ನೆರಡು. ಅಷ್ಟೇ ಜನರನ್ನು 180 ಸೀಟಿನ ವಿಮಾನಗಳಲ್ಲಿ ಕಳಿಸಬೇಕೆಂದರೆ ಗಂಟೆಗೆ 88ಕ್ಕೂ ಹೆಚ್ಚು ವಿಮಾನ ಏರಬೇಕು.

ಆದರೆ ಮಹಾ ಅದ್ಭುತ ಇರುವುದು ನೆಲದಡಿಯಲ್ಲಿ. ಟೋಕಿಯೊದ ಉತ್ತರಕ್ಕೆ ಸೈತಾಮ ಪ್ರಾಂತ್ಯದ ಕಸುಕಬೆ ಊರಿನಲ್ಲಿ, ನೆರೆನೀರನ್ನು ನುಂಗಲೆಂದು ಕಟ್ಟಿ 2006ರಲ್ಲಿ ಮುಗಿಸಿದ ಒಂದು ವ್ಯವಸ್ಥೆ ಇದೆ. ಒಳಗೆ ಹೋಗಿ ನೋಡಬಹುದು, ವಿದ್ಯಾರ್ಥಿಗಳು ಬಿಡಲೇಬಾರದು. ನೂರಕ್ಕೂ ಹೆಚ್ಚು ಮೆಟ್ಟಿಲಿಳಿದರೆ 177 ಮೀಟರ್ ಉದ್ದ, 78 ಮೀಟರ್ ಅಗಲ, 18 ಮೀಟರ್ ಎತ್ತರದ ಕಾಂಕ್ರೀಟ್ ತೊಟ್ಟಿ. ಹೆಚ್ಚುಕಡಿಮೆ ಎರಡು ಫುಟ್‌ಬಾಲ್ ಮೈದಾನ, ಅದರ ಮೇಲೆ ಆರು ಅಂತಸ್ತಿನಷ್ಟು ಎತ್ತರದ ಚಾವಣಿ! ಮಳೆಯಿಲ್ಲದ ದಿನ ತೊಟ್ಟಿ ಖಾಲಿ ಇರುತ್ತದೆ, ಕಂಬಗಳ ಸಾಲು ಯಾವುದೋ ರಾಕ್ಷಸರ ದೇವಸ್ಥಾನದಂತೆ ಕಾಣುತ್ತದೆ. ಒಂದು ಕಂಬದ ಪಕ್ಕ ನಿಂತರೆ ನಿಮ್ಮ ತಲೆ ಅದರ ಹತ್ತನೇ ಒಂದು ಭಾಗಕ್ಕೂ ಮುಟ್ಟುವುದಿಲ್ಲ. ಒಂದೊಂದರ ತೂಕ 500 ಟನ್. ದಸರೆಯ ಅಂಬಾರಿ ಹೊರುವ ಆನೆ ಸುಮಾರು ಐದು ಟನ್ ತೂಗುತ್ತದೆ. ಅಂದರೆ ಒಂದು ಕಂಬ ನೂರು ಆನೆಗೆ ಸಮ. ಕಂಬಗಳು 59, ಆನೆಗಳು 5900! 2023ರ ಗಣತಿಯಂತೆ ಇಡೀ ಕರ್ನಾಟಕದ ಕಾಡುಗಳಲ್ಲಿರುವ ಆನೆಗಳೇ ಅಂದಾಜು 6395.

ಪಂಪುಗಳ ಲೆಕ್ಕ ಇನ್ನೂ ಬಾಕಿ. ಅವು ಪೂರ್ಣ ಬಲದಲ್ಲಿ ತಿರುಗಿದರೆ ಸೆಕೆಂಡಿಗೆ 200 ಟನ್ ನೀರನ್ನು ಎಡೊ ನದಿಗೆ ಎತ್ತಿ ಹಾಕುತ್ತವೆ. ಸೆಕೆಂಡಿಗೆ ನಲವತ್ತು ಆನೆ. ನಮ್ಮ ಕಾಡಿನ ಅಷ್ಟೂ ಆನೆ ಅಂಬಾರಿ ಹೊರುವಷ್ಟು ದೊಡ್ಡವೇ ಆಗಿದ್ದರೂ, ಅವುಗಳ ತೂಕದ ನೀರು ಹೊರಹೋಗಲು ಮೂರು ನಿಮಿಷವೂ ಬೇಡ.

ಯಾರಿಗಾಗಿ ಇಷ್ಟೆಲ್ಲ? ಟೋಕಿಯೊ, ಅದಕ್ಕಂಟಿಕೊಂಡ ಕನಗಾವ, ಸೈತಾಮ, ಚಿಬ ಪ್ರಾಂತ್ಯಗಳು ಸೇರಿದರೆ ವಿಸ್ತೀರ್ಣ ಹೆಚ್ಚುಕಡಿಮೆ ನಮ್ಮ ಬೆಳಗಾವಿ ಜಿಲ್ಲೆಯಷ್ಟು. 2011ರ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ 48 ಲಕ್ಷದ ಹತ್ತಿರ. ಅಲ್ಲಿಯ ಜನ ಸುಮಾರು 3.7 ಕೋಟಿ! ವರ್ಷದ ಮಟ್ಟಿಗೆ ಬಂದ ವಿದ್ಯಾರ್ಥಿ ಅವರೆಲ್ಲರಿಗೂ ಒಮ್ಮೆ ತಲೆಬಾಗಿ ನಮಸ್ಕರಿಸಲು ಹೊರಟನೆನ್ನಿ. ಒಬ್ಬರಿಗೆ ಒಂದೇ ಸೆಕೆಂಡು, ಊಟವಿಲ್ಲ, ನಿದ್ದೆಯಿಲ್ಲ, ಕ್ಲಾಸೂ ಇಲ್ಲ. 365 ದಿನ ಮುಗಿದು ಊರಿಗೆ ಮರಳುವ ವಿಮಾನ ಬಾಗಿಲು ತೆರೆದಾಗ ಇನ್ನೂ 54 ಲಕ್ಷ ಜನ ಬಾಕಿ ಇರುತ್ತಾರೆ.