ಕಡ್ಡಿ ತುಂಬಿದೆ, ಮಾತು ಮಾತ್ರ ತುಂಡು

ಹುಣಸೂರಿನಿಂದ ಹನಗೋಡಿಗೆ ಹೊರಟ ಬಸ್ಸಿನಲ್ಲಿ ಫೋನ್ ಹಿಡಿದವರ ಬಾಯಲ್ಲಿ ಹೆಚ್ಚು ಕೇಳುವ ಮಾತು ‘ಹಲೋ, ಕೇಳಿಸ್ತಾ ಇದೆಯಾ?’ ಮೊಬೈಲಿನಲ್ಲಿ ಕಡ್ಡಿಗಳೇನೋ ತುಂಬಿಯೇ ಇರುತ್ತವೆ. ಕಡ್ಡಿ ಹೇಳುವುದು ಸಿಗ್ನಲ್ಲಿನ ಸರಾಸರಿ ಬಲವನ್ನು. ಅದು ಎಷ್ಟು ಬೇಗ ಏರಿಳಿಯುತ್ತಿದೆ ಎಂಬುದನ್ನಲ್ಲ.

ಟವರ್ ಬಿಟ್ಟ ಅಲೆ ಗೋಡೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್, ಎದುರು ಬರುವ ಲಾರಿಗಳಿಗೆ ಬಡಿದು ಹಲವು ದಾರಿಯಲ್ಲಿ ಬಂದು ಸೇರುತ್ತದೆ. ಒಂದೆಡೆ ಕೂಡಿ ಬಲವಾಗುತ್ತದೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿ ಕುಸಿಯುತ್ತದೆ. 2012ರಲ್ಲಿ ಬೆಂಗಳೂರಿಗೆ 4ಜಿ ಬಂದದ್ದು 2300 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ. ಅದರ ತರಂಗಾಂತರ 13 ಸೆಂ.ಮೀ.; ಹೆಚ್ಚುಕಡಿಮೆ ಆರೂವರೆ ಸೆಂ.ಮೀ.ಗೊಂದು ಕುಸಿತ ಎದುರಾಗಬಹುದು. ಗಂಟೆಗೆ 60 ಕಿ.ಮೀ. ಓಡುವ ಬಸ್ಸು ಅಷ್ಟನ್ನು 4 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ‘ಇಲ್ಲಿ ಸಿಗ್ನಲ್ ಚೆನ್ನಾಗಿದೆ’ ಎಂದು ಫೋನ್ ಕಳಿಸಿದ ವರದಿ ಟವರ್ ಮುಟ್ಟಿ, ಅದಕ್ಕೆ ತಕ್ಕಂತೆ ಡೇಟಾ ಬರುವಷ್ಟರಲ್ಲಿ ಆ ವರದಿ ಹಳತಾಗಿರುತ್ತದೆ. ಬಸ್ಸಿನವರ ಪಾಲಿಗೆ ದೊಡ್ಡ ಕಾಟ ಇದೇ ಎಂದು ನನಗನ್ನಿಸುತ್ತದೆ.

ಹಲವು ದಾರಿಯ ಈ ತೊಡಕನ್ನು ನಿಭಾಯಿಸಲು 4ಜಿ, 5ಜಿ ಎರಡೂ ಬಳಸುವ ಒಎಫ್‌ಡಿಎಂ ವಿಧಾನ ಮಾಹಿತಿಯನ್ನು ನೂರಾರು ಸಣ್ಣ ವಾಹಕಗಳಿಗೆ ಹಂಚುತ್ತದೆ. ಇದರ ಬೀಜ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲಿ ಬರೆದ ಪ್ರಬಂಧದಲ್ಲಿದೆ. 4ಜಿಯಲ್ಲಿ ಪ್ರತಿ ಸಂಕೇತಕ್ಕೂ 4.7 ಮೈಕ್ರೊಸೆಕೆಂಡಿನ ಕಾಪು ಉಂಟು. ಹಾಗಾಗಿ 1.4 ಕಿ.ಮೀ. ಸುತ್ತಿ ತಡವಾಗಿ ಬಂದ ಅಲೆಯೂ ಹಾನಿ ಮಾಡದು. ಓಟಕ್ಕೆ ಮಾತ್ರ ಈ ಕಾಪು ಮದ್ದಲ್ಲ. ವೇಗ ಹೆಚ್ಚಿದಂತೆ ಡಾಪ್ಲರ್ ಪರಿಣಾಮದಿಂದ ವಾಹಕಗಳು ಜಾಗ ಬಿಟ್ಟು ಸರಿಯುತ್ತವೆ. ಒತ್ತಾಗಿ ನೆಟ್ಟ ಹೊಗೆಸೊಪ್ಪಿನ ಸಾಲಿನ ಎಲೆ ಪಕ್ಕದ ಸಾಲಿಗೆ ಚಾಚಿದ ಹಾಗೆ, ಒಂದರ ಮಾಹಿತಿ ಇನ್ನೊಂದರೊಳಗೆ ನುಸುಳುತ್ತದೆ. ಬಸ್ಸಿನಲ್ಲಿ ಈ ಸರಿತ ಸುಮಾರು 128 ಹರ್ಟ್ಸ್. ವಾಹಕಗಳ ನಡುವೆ 15 ಸಾವಿರ ಹರ್ಟ್ಸ್ ಅಂತರ ಇರುವಾಗ ಅದು ಲೆಕ್ಕಕ್ಕಿಲ್ಲ. 160 ಕಿ.ಮೀ. ವೇಗದ ರೈಲಿನಲ್ಲಿ 340 ದಾಟುತ್ತದೆ, ಬುಲೆಟ್ ರೈಲಿನಲ್ಲಿ ಇನ್ನೂ ಹೆಚ್ಚು.

ಅಂಥ ವೇಗಕ್ಕೆಂದೇ ಒಟಿಎಫ್‌ಎಸ್ ಎಂಬ ಹೊಸ ವಿಧಾನ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಚೊಕ್ಕಲಿಂಗಂ ಅವರ ತಂಡ ಇದರ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಅಲೆಯ ಬಲ ಕ್ಷಣಕ್ಕೊಮ್ಮೆ ಬದಲಾದರೂ ಪ್ರತಿ ದಾರಿಯ ವಿಳಂಬ ಮತ್ತು ಡಾಪ್ಲರ್ ಅಷ್ಟು ಬೇಗ ಬದಲಾಗುವುದಿಲ್ಲ. ಆ ಎರಡರ ಚೌಕದಲ್ಲೇ ಮಾಹಿತಿ ಕೂರಿಸುವುದು ಇದರ ಉಪಾಯ.

ನಾಗರಹೊಳೆ ಕಾಡಂಚಿನ ಊರುಗಳಿಗೆ ಸದ್ಯಕ್ಕೆ ಒದಗುವುದು 850 ಮೆಗಾಹರ್ಟ್ಸ್‌ನಂಥ ಕೆಳ ಬ್ಯಾಂಡು. ಮರಗಳ ನಡುವೆಯೂ ದೂರ ಸಾಗುತ್ತದೆ, ಕುಸಿತಗಳೂ 18 ಸೆಂ.ಮೀ.ಗೊಂದರಂತೆ ವಿರಳ. ಆದರೆ ಅಲ್ಲಿ ಸಿಗುವ ತರಂಗಪಟ್ಟಿ ಕಿರಿದು. ಹಬ್ಬದ ದಿನ ಊರಿಗೆ ಊರೇ ವಿಡಿಯೊ ಹಚ್ಚಿ ಕೂತರೆ ಸಾಲದು.