ಗೋಲ್ಡನ್ ಗೇಟ್‌ನ ಬೇಸಿಗೆ ಮಂಜು

ಜುಲೈ ತಿಂಗಳ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಹಾಯಿದೋಣಿ ಹತ್ತಿ ಹೊರಟವರಿಗೆ ಎಳೆಬಿಸಿಲು, ನೀಲಿ ನೀರು ಸಿಕ್ಕರೂ ಸಂಜೆಯವರೆಗೆ ಅದನ್ನೇ ನಂಬಿ ಕೂರುವಂತಿಲ್ಲ. ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದ ಮಂಜು ನುಗ್ಗಿತೆಂದರೆ ಕೆಲವೇ ನಿಮಿಷಗಳಲ್ಲಿ ದಡ ಮಾಯ. ಹಗ್ಗಗಳಿಂದ ನೀರು ತೊಟ್ಟಿಕ್ಕತೊಡಗುತ್ತದೆ.

ನಮ್ಮ ಮಡಿಕೇರಿ, ಆಗುಂಬೆಗಳಲ್ಲಿ ತೇವದ ಗಾಳಿ ಬೆಟ್ಟ ಹತ್ತುತ್ತ ತಣಿದು ಮಂಜಾಗುತ್ತದೆ. ಇಲ್ಲಿ ಗಾಳಿಯನ್ನು ತಣಿಸುವುದು ಕಡಲೇ. ಬೇಸಿಗೆಯಲ್ಲಿ ವಾಯವ್ಯದ ಗಾಳಿ ಕರಾವಳಿಯುದ್ದಕ್ಕೂ ಬೀಸಿದಾಗ, ಭೂಮಿಯ ಆವರ್ತನೆಯ ಪ್ರಭಾವದಿಂದ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಅದರ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಪೆಸಿಫಿಕ್‌ನ ತೇವಭರಿತ ಗಾಳಿ ಅದರ ಮೇಲೆ ಹಾಯುವಾಗ, ತಣ್ಣೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿಗೂಡುವಂತೆ, ಆವಿ ಸೂಕ್ಷ್ಮ ಹನಿಗಳಾಗುತ್ತದೆ. ಮೇಲಿರುವ ಬೆಚ್ಚನೆಯ ಒಣಗಾಳಿ ಅದನ್ನು ಏರಗೊಡುವುದಿಲ್ಲ. ಅತ್ತ ಒಳನಾಡಿನ ಕಣಿವೆ ಕಾದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ಬೆಟ್ಟಸಾಲಿನಲ್ಲಿ ಸಮುದ್ರಮಟ್ಟದಲ್ಲಿ ತೆರೆದ ದೊಡ್ಡ ಬಾಗಿಲೆಂದರೆ ಗೋಲ್ಡನ್ ಗೇಟ್. ಹೀಗಾಗಿ ಮಂಜು ಬರುವುದು ಗಾಳಿಯ ಜೊತೆಗೇ. ಗಾಳಿ ಬೀಸುತ್ತಿದೆಯಲ್ಲ, ಮಂಜು ಚದುರೀತು ಎಂದು ಕಾಯುವುದು ಅಪಾಯಕಾರಿ.

ಗೋಚರತೆ ಒಂದು ಕಿಲೋಮೀಟರಿಗಿಂತ ಕಡಿಮೆಯಾದರೆ ಹವಾಮಾನ ಶಾಸ್ತ್ರ ಅದನ್ನು ಮಂಜು ಎನ್ನುತ್ತದೆ. ಆದರೆ ಸಾಗುತ್ತಿರುವ ದೊಡ್ಡ ಹಡಗೊಂದಕ್ಕೆ ನಿಲ್ಲಲು ಅದಕ್ಕಿಂತ ಹೆಚ್ಚು ದೂರ ಬೇಕಾಗಬಹುದು! ಆದ್ದರಿಂದಲೇ ಮಂಜಿನಲ್ಲಿ ಕಿವಿಗೆ ಕೆಲಸ. ಅಂತರರಾಷ್ಟ್ರೀಯ ನಿಯಮದಂತೆ ಚಲಿಸುತ್ತಿರುವ ಯಂತ್ರಚಾಲಿತ ಹಡಗು ಎರಡು ನಿಮಿಷ ಮೀರದ ಅಂತರದಲ್ಲಿ ಒಂದೊಂದು ದೀರ್ಘ ಹಾರ್ನ್ ಊದುತ್ತಿರಬೇಕು. ಹಾಯಿದೋಣಿ ಒಂದು ದೀರ್ಘ, ಎರಡು ಹ್ರಸ್ವ. ಸೇತುವೆಯ ನಡುವೆ ಮತ್ತು ದಕ್ಷಿಣ ಗೋಪುರದ ಬಳಿ ಇರುವ ಹಾರ್ನ್‌ಗಳ ಸ್ವರವೂ ಬೇರೆ ಬೇರೆ. ಆದರೂ ಸದ್ದು ಯಾವ ಕಡೆಯಿಂದ, ಎಷ್ಟು ದೂರದಿಂದ ಬಂತೆಂದು ಕಿವಿಯೊಂದನ್ನೇ ನಂಬಿ ತೀರ್ಮಾನಿಸಬಾರದು.

ಉಪಕರಣಗಳಿವೆಯೆಂಬ ಧೈರ್ಯವೂ ಸಾಲದು. 2007ರ ನವೆಂಬರ್ 7ರಂದು ರೇಡಾರ್ ಇದ್ದ ಕಾಸ್ಕೊ ಬುಸಾನ್ ಹಡಗು ದಟ್ಟ ಮಂಜಿನಲ್ಲಿ ಇದೇ ಕೊಲ್ಲಿಯ ಬೇ ಬ್ರಿಜ್‌ಗೆ ಉಜ್ಜಿತು. ಸುಮಾರು 2 ಲಕ್ಷ ಲೀಟರ್ ಇಂಧನ ತೈಲ ನೀರು ಸೇರಿ ಸಾವಿರಾರು ಹಕ್ಕಿಗಳು ಸತ್ತವು.

ಫೈಬರ್‌ಗ್ಲಾಸ್‌ನ ಸಣ್ಣ ದೋಣಿ ರೇಡಾರ್‌ಗೆ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೇ ಕಂಬದ ಮೇಲೆ ಲೋಹದ ಪ್ರತಿಫಲಕ ಕಟ್ಟುತ್ತಾರೆ. ಮಂಜು ಕವಿಯುವ ಮುನ್ನವೇ ನೀವಿರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ವೇಗ ತಗ್ಗಿಸಿ, ಹಡಗುಗಳ ದಾರಿ ಬಿಟ್ಟು ಅವು ಬರಲಾಗದಷ್ಟು ಆಳ ಕಡಿಮೆಯಿರುವ ಕಡೆಗೆ ಸರಿಯಿರಿ. ಕೊಲ್ಲಿಯೊಳಗಿನ ಹಡಗುಗಳ ಮಾತು ವಿಎಚ್‌ಎಫ್ ರೇಡಿಯೊದ 14ನೇ ಚಾನೆಲ್‌ನಲ್ಲಿ ಕೇಳುತ್ತದೆ, ಅದನ್ನು ಹಚ್ಚಿಟ್ಟಿರಿ. ಬೇ ಏರಿಯಾದ ಕನ್ನಡಿಗರೇ, ವಾರಾಂತ್ಯಕ್ಕೆ ದೋಣಿ ಬಾಡಿಗೆಗೆ ಪಡೆಯುವಾಗ ಹಾರ್ನ್, ಪ್ರತಿಫಲಕ, ರೇಡಿಯೊ ಮೂರೂ ಇವೆಯೇ ಎಂದು ದಡದಲ್ಲೇ ನೋಡಿಕೊಳ್ಳಿ.